ಎಚ್‌-1ಬಿಯಲ್ಲಿ ಕಂಪನಿ ಬದಲಿಸುವವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಅಮೆರಿಕದಲ್ಲಿ ಎಚ್‌-1ಬಿ (ಪರಿಣತ ಹುದ್ದೆಗೆ ಕಂಪನಿಯ ಮೂಲಕ ಸಿಗುವ ಕೆಲಸದ ವೀಸಾ) ಮೇಲೆ ದುಡಿಯುತ್ತಿರುವವರು ಕಂಪನಿ ಬದಲಿಸಲು ಹಳೆಯ ಕಂಪನಿಯ ಒಪ್ಪಿಗೆ ಕೇಳಬೇಕಿಲ್ಲ. ಎಚ್‌-1ಬಿಗೆ ಆಯ್ಕೆ ಮಾಡುವ ವಾರ್ಷಿಕ ಲಾಟರಿಯ ಗೊಡವೆ ಮತ್ತೆ ಇಲ್ಲ. ಹೊಸ ಕಂಪನಿ ನಿಮಗಾಗಿ ಹಾಕುವ ಅರ್ಜಿ, ಅಂದರೆ ಪಿಟಿಷನ್, ಮಂಜೂರಾಗುವ ತನಕ ಕಾಯಲೇಬೇಕೆಂಬ ನಿಯಮವೂ ಇಲ್ಲ. ಅದು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಕೈಸೇರಿದ ದಿನದಿಂದಲೇ ಹೊಸ ಕಡೆ ಕೆಲಸ ಶುರುಮಾಡಬಹುದು. 2000ನೇ ಇಸವಿಯ ಎಸಿ-21 ಕಾಯ್ದೆ ಕೊಟ್ಟ ಅನುಕೂಲ ಇದು. ಹೀಗಿದ್ದೂ ಎಡವುವವರು ಕಡಿಮೆಯೇನಿಲ್ಲ, ಮತ್ತು ಹಾಗೆ ಎಡವಿದವರಲ್ಲಿ ಬಹುಪಾಲು ಜನಕ್ಕೆ ಅರ್ಹತೆ ಇತ್ತು. ಕೆಲಸಗಳನ್ನು ಹಿಂದುಮುಂದು ಮಾಡಿಕೊಂಡಿದ್ದರು, ಅಷ್ಟೆ. ಅದಕ್ಕೇ ಇಲ್ಲಿ ಕ್ರಮಕ್ಕೆ ಹೆಚ್ಚು ಒತ್ತು.

ಕೆಲಸ ಹುಡುಕುವ ಮೊದಲು ನೋಡಬೇಕಾದ ತಾರೀಖುಗಳು

ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಸ್ಟ್ಯಾಂಪಿನ ತಾರೀಖನ್ನು ಸದ್ಯಕ್ಕೆ ಬದಿಗಿಡಿ. ಅದು ದೇಶದೊಳಗೆ ಬರುವಾಗ ತೋರಿಸಲು. ಒಳಗಿರುವಾಗ ಅದರ ಅವಧಿ ಮುಗಿದಿದ್ದರೂ ತೊಂದರೆಯಿಲ್ಲ. ನೀವು ಯಾವತ್ತಿನ ತನಕ ಇರಬಹುದು ಎಂದು ಹೇಳುವುದು ಐ-94 ಎಂಬ ದಾಖಲೆ. ಎರಡು ಐ-94 ಕೈಯಲ್ಲಿರುವುದು ಸಾಮಾನ್ಯ: ಒಂದು ವಿಮಾನ ನಿಲ್ದಾಣದಲ್ಲಿ ಕೊಟ್ಟದ್ದು, ಇನ್ನೊಂದು ಐ-797ಎ ಅಪ್ರೂವಲ್ ನೋಟಿಸಿನ ಕೆಳಭಾಗದಲ್ಲಿರುವುದು. ಎರಡರಲ್ಲಿ ಯಾವುದು ಕೊನೆಗೆ ಸಿಕ್ಕಿತೋ ಅದೇ ಲೆಕ್ಕಕ್ಕೆ. ನಿಲ್ದಾಣದಲ್ಲಿ ಕೊಟ್ಟದ್ದು ಬಾರ್ಡರ್ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಪ್ರತಿ ಸಲ ಊರಿಗೆ ಹೋಗಿ ಬಂದ ಮರುದಿನವೇ ಅದನ್ನು ಇಳಿಸಿಕೊಂಡು ಓದಬೇಕು.

ಯಾಕೆ ಓದಬೇಕೆಂದರೆ, ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ನಿಲ್ದಾಣದ ಅಧಿಕಾರಿ ಐ-94 ಅನ್ನೂ ಪಾಸ್‌ಪೋರ್ಟಿನ ತಾರೀಖಿಗೇ ಕತ್ತರಿಸಿಬಿಡುತ್ತಾರೆ. ಐ-797ನಲ್ಲಿ ಇನ್ನೂ ಎರಡು ವರ್ಷ ಇದೆ ಎಂದು ನಂಬಿಕೊಂಡವರಿಗೆ ಐ-94 ಆಗಲೇ ಮುಗಿದಿರುವುದು ಹೊಸ ಕಂಪನಿಯ ಅಟಾರ್ನಿ ಕಡತ ಬಿಚ್ಚಿದಾಗಲೇ ಗೊತ್ತಾಗುತ್ತದೆ. ಐ-94 ಮುಗಿದ ಮೇಲೆ ಹಾಕಿದ ಪಿಟಿಷನ್ನಿಗೆ ಎಸಿ-21 ಅನುಕೂಲ ಸಿಗುವುದಿಲ್ಲ. ಪಾಸ್‌ಪೋರ್ಟ್ ನವೀಕರಣವನ್ನು ಊರಿಗೆ ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಇದಕ್ಕೆ ಸುಲಭದ ಮದ್ದು.

ಇನ್ನೊಂದು ತಾರೀಖು ಆರು ವರ್ಷದ್ದು. ಎಚ್‌-1ಬಿ ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷ, ಒಟ್ಟು ಆರು ವರ್ಷ. ಕಂಪನಿ ಬದಲಿಸಿದರೆ ಗಡಿಯಾರ ಹೊಸದಾಗಿ ಶುರುವಾಗುವುದಿಲ್ಲ. ಆದರೆ ಈ ಅವಧಿಯಲ್ಲಿ ಅಮೆರಿಕದ ಹೊರಗೆ ಕಳೆದ ಪೂರ್ತಿ ದಿನಗಳನ್ನು ಮರಳಿ ಕೇಳಿ ಪಡೆಯಬಹುದು. ಮದುವೆ, ಗೃಹಪ್ರವೇಶ ಎಂದು ಊರಿಗೆ ಹೋದ ದಿನಗಳೆಲ್ಲ ಇದರಲ್ಲಿ ಬರುತ್ತವೆ. ಪಾಸ್‌ಪೋರ್ಟಿನ ಮುದ್ರೆ, ಬೋರ್ಡಿಂಗ್ ಪಾಸ್ ಇಟ್ಟುಕೊಂಡಿದ್ದರೆ ಅಟಾರ್ನಿ ಪಟ್ಟಿ ಮಾಡಿ ಸೇರಿಸುತ್ತಾರೆ.

ಹಳೆಯ ಕೆಲಸ ವಿಶ್ವವಿದ್ಯಾಲಯದಲ್ಲಿಯೋ ಲಾಭರಹಿತ ಸಂಶೋಧನಾ ಸಂಸ್ಥೆಯಲ್ಲಿಯೋ ಇದ್ದರೆ ಇಲ್ಲೇ ಒಂದು ಕ್ಷಣ ನಿಲ್ಲಿ. ಅವರಿಗೆ ಲಾಟರಿಯಿಂದ ವಿನಾಯಿತಿ ಇರುತ್ತದೆ. ನೀವು ಎಂದೂ ಲಾಟರಿಯಲ್ಲಿ ಎಣಿಕೆಯಾಗಿಲ್ಲದಿದ್ದರೆ ಅಲ್ಲಿಂದ ಖಾಸಗಿ ಕಂಪನಿಗೆ ನೇರ ಟ್ರಾನ್ಸ್‌ಫರ್ ಆಗುವುದಿಲ್ಲ. ಮಾರ್ಚ್ ತಿಂಗಳ ನೋಂದಣಿಗೆ ಕಾಯಬೇಕು. ಪೋಸ್ಟ್‌ಡಾಕ್ ಮುಗಿಸಿ ಕಂಪನಿ ಸೇರಲು ಹೊರಟ ಎಷ್ಟೋ ಜನರ ಆಫರ್ ಇಲ್ಲಿಯೇ ಕೈತಪ್ಪಿದೆ.

ಆಫರ್ ಬಂದಾಗ

ಸ್ಪಾನ್ಸರ್‌ಶಿಪ್ ಬೇಕೇ ಎಂಬ ಪ್ರಶ್ನೆಗೆ ಅರ್ಜಿಯಲ್ಲೇ ಹೌದು ಎಂದು ಉತ್ತರಿಸಿ. ಸಂದರ್ಶನವೆಲ್ಲ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡರೆ ಕೊನೆಯ ಹಂತದಲ್ಲಿ ಕೈಬಿಡುತ್ತಾರೆ. ಸಹಿ ಹಾಕುವ ಮೊದಲು ನಾಲ್ಕು ವಿಷಯ ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಹೆಚ್ಚಿನ ಶುಲ್ಕಕ್ಕೆ ಬೇಗ ಉತ್ತರ ಸಿಗುವ ಪ್ರೀಮಿಯಂ ಪ್ರೊಸೆಸಿಂಗ್ ಹಾಕುತ್ತಾರೆಯೇ, ಕೆಲಸ ಶುರುಮಾಡಲು ಪಿಟಿಷನ್ ತಲುಪಿತೆಂಬ ರಿಸೀಟ್ ಸಾಕೋ ಅಪ್ರೂವಲ್ ಬೇಕೋ, ಗ್ರೀನ್ ಕಾರ್ಡಿನ ಮೊದಲ ಹಂತವಾದ ಪರ್ಮ್ (ಕಾರ್ಮಿಕ ಇಲಾಖೆಯ ದೃಢೀಕರಣ) ಪ್ರಕ್ರಿಯೆಯನ್ನು ನೀವು ಸೇರಿದ ಎಷ್ಟು ತಿಂಗಳಿಗೆ ಆರಂಭಿಸುತ್ತಾರೆ, ಮನೆಯಿಂದ ಕೆಲಸ ಇದ್ದರೆ ಯಾವ ವಿಳಾಸದಿಂದ.

ಕೊನೆಯದು ಸಣ್ಣ ವಿಷಯದಂತೆ ಕಂಡರೂ ಸಣ್ಣದಲ್ಲ. ಹೊಸ ಕಂಪನಿ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ (ಸಂಬಳ, ಕೆಲಸದ ಜಾಗ ಕುರಿತ ದೃಢೀಕರಣ) ಪಡೆಯಬೇಕು. ಅದು ನೀವು ಕೂತು ಕೆಲಸ ಮಾಡುವ ಜಾಗಕ್ಕೆ ಕಟ್ಟಿದ್ದು. ಕಚೇರಿ ಡಾಲಸ್‌ನಲ್ಲಿದ್ದು ನೀವು ಆಸ್ಟಿನ್ನಿನ ಮನೆಯಿಂದ ಕೆಲಸ ಮಾಡುವುದಾದರೆ ಎಲ್‌ಸಿಎಯಲ್ಲಿ ಆಸ್ಟಿನ್ ಇರಬೇಕು, ಸಂಬಳವೂ ಆಸ್ಟಿನ್ನಿನ ದರಕ್ಕೆ ಕಡಿಮೆ ಇರಬಾರದು. ಆಮೇಲೆ ಬೇರೆ ಮಹಾನಗರ ಪ್ರದೇಶಕ್ಕೆ ಮನೆ ಬದಲಿಸಿದರೆ ಕಂಪನಿ ತಿದ್ದುಪಡಿ ಪಿಟಿಷನ್ ಹಾಕಬೇಕು. 2015ರ ಸಿಮಿಯೊ ತೀರ್ಪಿನಿಂದ ಇದು ಖಚಿತವಾಗಿದೆ. ಅದೇ ಮಹಾನಗರ ವ್ಯಾಪ್ತಿಯಲ್ಲಿ ಮನೆ ಬದಲಿಸಿದರೆ ಅಷ್ಟು ರಗಳೆ ಇಲ್ಲ.

ಕಾಗದಪತ್ರ

ಅಟಾರ್ನಿ ಕೇಳುವ ಪಟ್ಟಿ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಪಾಸ್‌ಪೋರ್ಟಿನ ಪ್ರತಿ ಪುಟ, ಇತ್ತೀಚಿನ ಐ-94, ಇದುವರೆಗಿನ ಎಲ್ಲ ಐ-797ಗಳು, ವಿದ್ಯಾರ್ಥಿಯಾಗಿ ಬಂದಿದ್ದರೆ ಕಾಲೇಜು ಕೊಟ್ಟ ಐ-20ಗಳು ಮತ್ತು ಆಗಿನ ಇಎಡಿ (ಕೆಲಸದ ಅನುಮತಿ) ಕಾರ್ಡು, ಪದವಿ ಪ್ರಮಾಣಪತ್ರ, ಅಂಕಪಟ್ಟಿಗಳು, ಇವುಗಳ ಮೌಲ್ಯಮಾಪನ ವರದಿ, ರೆಸ್ಯೂಮೆ, ಹಿಂದಿನ ವರ್ಷಗಳ ಡಬ್ಲ್ಯು-2 (ವಾರ್ಷಿಕ ಸಂಬಳ-ತೆರಿಗೆ ವಿವರ). ಇವೆಲ್ಲಕ್ಕಿಂತ ತೂಕದ್ದು ಇತ್ತೀಚಿನ ಮೂರು ಪೇಸ್ಟಬ್, ಅಂದರೆ ಸಂಬಳದ ಚೀಟಿ. ಹಳೆಯ ಕಂಪನಿಯಲ್ಲಿ ನೀವು ನಿಜವಾಗಿ ಕೆಲಸದಲ್ಲಿದ್ದಿರಿ, ಸ್ಟೇಟಸ್ (ಕಾನೂನುಬದ್ಧ ವಾಸದ ಸ್ಥಿತಿ) ಉಳಿಸಿಕೊಂಡಿದ್ದಿರಿ ಎಂಬುದಕ್ಕೆ ಯುಎಸ್‌ಸಿಐಎಸ್ ಮೊದಲು ನೋಡುವುದು ಅದನ್ನೇ. ಪ್ರಾಜೆಕ್ಟ್ ಇಲ್ಲದೆ, ಎರಡು ತಿಂಗಳು ಸಂಬಳ ಬಾರದೆ ಬೆಂಚಿನಲ್ಲಿ ಕೂತಿದ್ದರೆ ಪ್ರಶ್ನೆ ಬಂದೇ ಬರುತ್ತದೆ. ರಾಜೀನಾಮೆ ಕೊಟ್ಟ ದಿನವೇ ಕಂಪನಿಯ ಪೋರ್ಟಲ್ ಮುಚ್ಚುವುದುಂಟು. ಆದ್ದರಿಂದ ಪೇಸ್ಟಬ್, ಡಬ್ಲ್ಯು-2, ಐ-797 ಎಲ್ಲವನ್ನೂ ಆಫರಿನ ಮಾತುಕತೆ ಶುರುವಾದಾಗಲೇ ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಕರ್ನಾಟಕದಲ್ಲಿ ಓದಿದವರಿಗೆ ಎರಡು ಮಾತು. ಎಂಜಿನಿಯರಿಂಗ್ ಮುಗಿಸಿ ಪ್ರೊವಿಜನಲ್ ಸರ್ಟಿಫಿಕೇಟ್ ಹಿಡಿದುಕೊಂಡೇ ವಿಮಾನ ಹತ್ತಿದವರು ಬಹಳ. ಎಚ್‌-1ಬಿಗೆ ಅಂಕಪಟ್ಟಿಗಳ ಜೊತೆ ಅದು ಹೇಗೋ ಸಾಗಬಹುದು, ಗ್ರೀನ್ ಕಾರ್ಡಿನ ಹೊತ್ತಿಗೆ ಘಟಿಕೋತ್ಸವದ ಮೂಲ ಪದವಿ ಪ್ರಮಾಣಪತ್ರ ಕೇಳುತ್ತಾರೆ. ಊರಿನಲ್ಲಿ ಯಾರಾದರೂ ವಿಶ್ವವಿದ್ಯಾಲಯಕ್ಕೆ ಹೋಗಿ ತೆಗೆಸಿಡಲಿ. ಇನ್ನು ಬಿಎಸ್ಸಿ, ಬಿಕಾಂ, ಬಿಸಿಎಯ ಮೂರು ವರ್ಷದ ಪದವಿಯಷ್ಟೇ ಇರುವವರು: ಅಮೆರಿಕದ ನಾಲ್ಕು ವರ್ಷದ ಪದವಿಗೆ ಒಂದು ವರ್ಷ ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದ ಒಂದು ವರ್ಷಕ್ಕೆ ಅದೇ ಕ್ಷೇತ್ರದ ಮೂರು ವರ್ಷದ ಅನುಭವವನ್ನು ಎಣಿಸುತ್ತಾರೆ. ಆ ಅನುಭವವನ್ನು ಕೆಲಸದ ವಿವರವಿರುವ ಪತ್ರದಿಂದ ತೋರಿಸಬೇಕು. ಬೆಂಗಳೂರಿನ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರಿನಲ್ಲಿ ಸೇರಿದ ದಿನ, ಬಿಟ್ಟ ದಿನ ಬಿಟ್ಟರೆ ಬೇರೇನೂ ಇರುವುದಿಲ್ಲ. ಮಾನವ ಸಂಪನ್ಮೂಲ ವಿಭಾಗ ಹೆಚ್ಚಿನ ವಿವರ ಬರೆಯಲು ಒಪ್ಪದಿದ್ದರೆ ಅಂದಿನ ಮ್ಯಾನೇಜರೋ ಸಹೋದ್ಯೋಗಿಯೋ ನೀವು ಮಾಡಿದ ಕೆಲಸವನ್ನು ವಿವರಿಸಿ ಬರೆದುಕೊಟ್ಟ ಪತ್ರ ನೆರವಿಗೆ ಬರುತ್ತದೆ.

ಪಿಟಿಷನ್: ದಿನ ಮತ್ತು ದುಡ್ಡು

ಎಲ್‌ಸಿಎ ಸಿಗಲು ಏಳು ಕೆಲಸದ ದಿನ. ಕಂಪನಿ ಮೊದಲ ಬಾರಿಗೆ ಎಚ್‌-1ಬಿ ಹಾಕುತ್ತಿದ್ದರೆ ಅದರ ತೆರಿಗೆ ಗುರುತಿನ ಸಂಖ್ಯೆಯನ್ನು ಕಾರ್ಮಿಕ ಇಲಾಖೆ ಮೊದಲು ಪರಿಶೀಲಿಸುತ್ತದೆ, ಅದಕ್ಕೆ ಇನ್ನಷ್ಟು ದಿನ. ಎಲ್‌ಸಿಎ ಬಂದ ಮೇಲೆ ಫಾರ್ಮ್ ಐ-129, ಅದೇ ಪಿಟಿಷನ್. ಇದಕ್ಕೆ ಸಹಿ ಹಾಕುವುದು ಕಂಪನಿ, ನೀವಲ್ಲ. ಅಟಾರ್ನಿಯೂ ಸಾಮಾನ್ಯವಾಗಿ ಕಂಪನಿಯ ಪರವಾಗಿಯೇ ನಿಂತಿರುತ್ತಾರೆ. ಕಂಪನಿಗೂ ನಿಮಗೂ ಹಿತ ಬೇರೆಯಾಗುವ ಪ್ರಶ್ನೆ ಎದ್ದರೆ ಸ್ವಂತ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಕೇಳುವುದು ದಂಡವಲ್ಲ.

2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರದಂತೆ ದೊಡ್ಡ ಕಂಪನಿ ಕಟ್ಟಬೇಕಾದ್ದು ಐ-129ಕ್ಕೆ 780 ಡಾಲರ್, ಆಶ್ರಯ ಕಾರ್ಯಕ್ರಮದ ಶುಲ್ಕ 600, ತರಬೇತಿ ಶುಲ್ಕ 1,500, ವಂಚನೆ ತಡೆ ಶುಲ್ಕ 500. ಒಟ್ಟು 3,380 ಡಾಲರ್. 25 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ ಇದೇ 460, 300, 750, 500 ಸೇರಿ 2,010. ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಚ್‌-1ಬಿ, ಎಲ್‌-1 (ಕಂಪನಿಯೊಳಗಿನ ವರ್ಗಾವಣೆ ವೀಸಾ) ಮೇಲಿದ್ದು ಒಟ್ಟು ಸಂಖ್ಯೆ 50 ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗಳಿಗೆ ಮೇಲಿಂದ ಇನ್ನೂ 4,000. ತರಬೇತಿ ಶುಲ್ಕವನ್ನು ನಿಮ್ಮಿಂದ ವಸೂಲಿ ಮಾಡುವುದು ಕಾನೂನುಬಾಹಿರ. ಉಳಿದ ಪಿಟಿಷನ್ ಖರ್ಚನ್ನೂ ಅಟಾರ್ನಿ ಶುಲ್ಕವನ್ನೂ ಕಂಪನಿಯ ವ್ಯವಹಾರದ ಖರ್ಚೆಂದೇ ಕಾರ್ಮಿಕ ಇಲಾಖೆ ನೋಡುತ್ತದೆ. 'ಟ್ರಾನ್ಸ್‌ಫರ್ ಖರ್ಚು ಸಂಬಳದಲ್ಲಿ ಹಿಡಿಯುತ್ತೇವೆ' ಎನ್ನುವ ಕಂಪನಿಯನ್ನು ಅಲ್ಲಿಗೇ ಬಿಡುವುದು ಲೇಸು. ಪ್ರೀಮಿಯಂ ಶುಲ್ಕದ ಮಾತು ಬೇರೆ. ನಿಮ್ಮ ಸ್ವಂತ ಅವಸರಕ್ಕಾದರೆ ನೀವು ಕೊಡಬಹುದು. 2,805 ಇದ್ದದ್ದು 2026ರ ಮಾರ್ಚ್ 1ರಿಂದ 2,965 ಡಾಲರ್ ಆಗಿದೆ. ಕೊಟ್ಟರೆ 15 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ. ಆ ಉತ್ತರ ಅಪ್ರೂವಲ್ಲೇ ಆಗಬೇಕೆಂದಿಲ್ಲ, ಹೆಚ್ಚಿನ ದಾಖಲೆ ಕೇಳುವ ಆರ್‌ಎಫ್‌ಇಯೂ ಆಗಬಹುದು; ಆಗ ನಿಮ್ಮ ಜವಾಬು ತಲುಪಿದ ದಿನದಿಂದ ಮತ್ತೆ 15 ದಿನದ ಎಣಿಕೆ.

ರಾಜೀನಾಮೆ ಯಾವಾಗ

ರಿಸೀಟ್ ನಂಬರ್ ಕೈಗೆ ಬರುವ ಮೊದಲು ಬೇಡ. ಆಫರ್ ಬಂದಿದೆ, ಎಲ್‌ಸಿಎ ಆಗಿದೆ, ಅಟಾರ್ನಿ 'ನಾಳೆ ಕಳಿಸುತ್ತೇವೆ' ಎಂದಿದ್ದಾರೆ, ಇವುಗಳಲ್ಲಿ ಯಾವುದೂ ಪಿಟಿಷನ್ ಸಲ್ಲಿಕೆಗೆ ಸಮನಲ್ಲ. ಶುಲ್ಕದ ಮೊತ್ತ ತಪ್ಪಿದ್ದರೆ, ಫಾರ್ಮಿನ ಹಳೆಯ ಆವೃತ್ತಿ ಹಾಕಿದ್ದರೆ, ಒಂದು ಸಹಿ ಬಿಟ್ಟುಹೋಗಿದ್ದರೆ ಇಡೀ ಕಟ್ಟನ್ನು ಹಾಗೇ ಹಿಂದಕ್ಕೆ ಕಳಿಸುತ್ತಾರೆ, ಮತ್ತು ಹಿಂದಕ್ಕೆ ಬಂದ ಪಿಟಿಷನ್ ಹಾಕಿದ ಲೆಕ್ಕಕ್ಕೇ ಬರುವುದಿಲ್ಲ.

ರಿಸೀಟ್ ಬಂದ ಮೇಲೆ ಎರಡು ದಾರಿ. ಅದರ ಆಧಾರದ ಮೇಲೆಯೇ ಎರಡು ವಾರದ ನೋಟಿಸ್ ಕೊಟ್ಟು ಹೊರಡುವುದು ಒಂದು. ಪ್ರೀಮಿಯಂ ಹಾಕಿಸಿ ಅಪ್ರೂವಲ್ ಬಂದ ಮೇಲೆ ನೋಟಿಸ್ ಕೊಡುವುದು ಇನ್ನೊಂದು. ಕಾನೂನು ಎರಡಕ್ಕೂ ಒಪ್ಪುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ದೊಡ್ಡ ಕಂಪನಿಯಿಂದ ದೊಡ್ಡ ಕಂಪನಿಗೆ, ಅದೇ ಬಗೆಯ ಕೆಲಸಕ್ಕೆ, ಪದವಿಗೂ ಹುದ್ದೆಗೂ ನೇರ ನಂಟಿರುವವರು ರಿಸೀಟಿನ ಮೇಲೆ ಹೊರಡಬಹುದು. ಗ್ರಾಹಕ ಕಂಪನಿಯಲ್ಲಿ ಕೂರಿಸುವ ಕನ್ಸಲ್ಟೆನ್ಸಿಗೆ ಹೋಗುವವರು, ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಹುದ್ದೆಗೆ ಹೋಗುವವರು, ಪೇಸ್ಟಬ್‌ನಲ್ಲಿ ಖಾಲಿ ತಿಂಗಳಿರುವವರು ಅಪ್ರೂವಲ್ ತನಕ ತಾಳಿಕೊಳ್ಳಿ. 2025ರ ಜನವರಿ 17ರಂದು ಜಾರಿಗೆ ಬಂದ ಹೊಸ ನಿಯಮದಂತೆ ಅಂಥ ಕನ್ಸಲ್ಟೆನ್ಸಿಗಳಿಂದ ಒಪ್ಪಂದಪತ್ರ ಕೇಳುವ ಅಧಿಕಾರ ಯುಎಸ್‌ಸಿಐಎಸ್‌ಗೆ ಸ್ಪಷ್ಟವಾಗಿಯೇ ಇದೆ. ಮೂರನೆಯವರ ಬಳಿ ಕೆಲಸ ಮಾಡುವವರ ಹುದ್ದೆಗೆ ಎಂಥ ಪದವಿ ಬೇಕೆಂಬುದನ್ನು ಆ ಮೂರನೆಯವರ ಅಗತ್ಯದಿಂದಲೇ ಅಳೆಯುತ್ತಾರೆ.

ರಿಸೀಟಿನ ಮೇಲೆ ಸೇರಿದ ಬಳಿಕ ಪಿಟಿಷನ್ ತಿರಸ್ಕೃತವಾದರೆ ಅವತ್ತಿಗೇ ಅಲ್ಲಿನ ಕೆಲಸ ನಿಲ್ಲಿಸಬೇಕು. ಹಳೆಯ ಕಂಪನಿ ತನ್ನ ಪಿಟಿಷನ್ ಹಿಂಪಡೆದಿರದಿದ್ದರೆ, ಅದರ ಅವಧಿಯೂ ಐ-94 ಅವಧಿಯೂ ಉಳಿದಿದ್ದರೆ, ಅವರು ಮರಳಿ ಕರೆದರೆ ಹೋಗಬಹುದು. ಇಷ್ಟು 'ರೆ'ಗಳು ಒಟ್ಟಿಗೆ ಕೂಡಿಬರುವುದು ಅಪರೂಪ. ಹಾಗೆಂದು ಜಗಳವಾಡಿ ಹೊರಬರಬೇಡಿ.

ಇನ್ನೂ ನಾಜೂಕಿನದು ಸರಪಳಿ. ಮೊದಲ ಕಂಪನಿಯಿಂದ ಎರಡನೆಯದಕ್ಕೆ ರಿಸೀಟಿನ ಮೇಲೆ ಹೋಗಿದ್ದೀರಿ, ಅದು ಮಂಜೂರಾಗುವ ಮೊದಲೇ ಮೂರನೆಯದರಿಂದ ಆಫರ್ ಬಂತು. ಹೋಗಬಹುದು. ಆದರೆ ಈ ನಡುವೆ ಐ-94 ಮುಗಿದಿದ್ದರೆ ಮೂರನೆಯದು ಎರಡನೆಯದರ ಮೇಲೆ ನಿಂತಿರುತ್ತದೆ. ಎರಡನೆಯದು ಬಿದ್ದರೆ ಮೂರನೆಯದಕ್ಕೂ ನೆಲೆ ತಪ್ಪುತ್ತದೆ. ಎರಡನೆಯ ಪಿಟಿಷನ್ನಿಗೆ ಪ್ರೀಮಿಯಂ ಹಾಕಿಸಿ, ಅದರ ಫಲಿತಾಂಶ ಕಂಡ ಮೇಲೆ ಮುಂದಿನ ಹೆಜ್ಜೆ ಇಡಿ.

ಹೊಸ ಕಂಪನಿ ಸೇರಿದ ಮೂರು ಕೆಲಸದ ದಿನಗಳೊಳಗೆ ಕೆಲಸದ ಅರ್ಹತೆ ಪರಿಶೀಲಿಸುವ ಐ-9 ಫಾರ್ಮ್ ತುಂಬಿಸಬೇಕು. ಮಾನವ ಸಂಪನ್ಮೂಲದವರಿಗೆ ಈ ಪ್ರಕರಣ ಹೊಸದಾಗಿದ್ದರೆ ಅಪ್ರೂವಲ್ ನೋಟಿಸ್ ಎಲ್ಲಿ ಎಂದು ಪಟ್ಟುಹಿಡಿಯುತ್ತಾರೆ. ಪಾಸ್‌ಪೋರ್ಟ್, ಹಳೆಯ ಕಂಪನಿಯ ಅವಧಿಯ ಐ-94, ಹೊಸ ಪಿಟಿಷನ್ನಿನ ರಿಸೀಟ್ ಇಷ್ಟು ಸಾಕು. ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಎಸಿ-21 ಎಂದೂ ಪಿಟಿಷನ್ ಸಲ್ಲಿಸಿದ ದಿನವನ್ನೂ ಅವರು ಬರೆಯಬೇಕು.

ಕೆಲಸ ಮೊದಲೇ ಹೋಗಿದ್ದರೆ: 60 ದಿನದ ಲೆಕ್ಕ

2017ರ ಜನವರಿಯಿಂದ ಕೆಲಸ ಕಳೆದುಕೊಂಡವರಿಗೂ ತಾವೇ ಬಿಟ್ಟವರಿಗೂ 60 ದಿನದವರೆಗೆ ಗಡುವು ಇದೆ. ಐ-94 ಅದಕ್ಕೂ ಮೊದಲೇ ಮುಗಿಯುವುದಾದರೆ ಅಲ್ಲಿಯ ತನಕ ಮಾತ್ರ. ಎಣಿಕೆ ಶುರುವಾಗುವುದು ಕೆಲಸ ಕೊನೆಗೊಂಡ ಮರುದಿನದಿಂದ. ಆ ಕೊನೆಯ ದಿನ ಯಾವುದೆಂಬುದನ್ನು ಸಂಬಳ ಲೆಕ್ಕವಾದ ಕೊನೆಯ ದಿನದ ಮೇಲೆ ನಿರ್ಧರಿಸುತ್ತಾರೆ. ಕೆಲಸದಿಂದ ತೆಗೆದು ಮೂರು ತಿಂಗಳ ಪರಿಹಾರ ಕೊಟ್ಟರೆ ಗಡುವು ಮೂರು ತಿಂಗಳು ಬೆಳೆಯುವುದಿಲ್ಲ. ಆದರೆ 'ಇಂಥ ದಿನದವರೆಗೆ ನೀವು ನೌಕರರೇ, ಕೆಲಸಕ್ಕೆ ಬರುವುದು ಬೇಡ' ಎಂದು ಸಂಬಳಪಟ್ಟಿಯಲ್ಲೇ ಉಳಿಸಿಕೊಂಡರೆ ಮಾತು ಬೇರೆ. ಕೈಬಿಡುವ ಪತ್ರದಲ್ಲಿ ನೌಕರಿಯ ಕೊನೆಯ ದಿನ ಎಂದು ಯಾವುದನ್ನು ಬರೆದಿದ್ದಾರೆ ನೋಡಿ, ಅದನ್ನು ಮುಂದಕ್ಕೆ ಹಾಕಿಸಲು ಸಾಧ್ಯವೇ ಎಂದು ಅವತ್ತೇ ಕೇಳಿ.

ಕೊನೆಯ ದಿನ ಮಾರ್ಚ್ 3 ಎಂದುಕೊಳ್ಳಿ. 60ನೇ ದಿನ ಮೇ 2. ಅಷ್ಟರೊಳಗೆ ಹೊಸ ಪಿಟಿಷನ್ ಯುಎಸ್‌ಸಿಐಎಸ್ ತಲುಪಿರಬೇಕು. ಕೊರಿಯರಿಗೆ ಹಾಕಿದ ದಿನ ಲೆಕ್ಕಕ್ಕಿಲ್ಲ. ಎಲ್‌ಸಿಎಗೆ ಏಳು ಕೆಲಸದ ದಿನ, ಕಾಗದ ಸೇರಿಸಲು ಒಂದು ವಾರ, ಕಂಪನಿಯೊಳಗಿನ ಅನುಮತಿಗಳಿಗೆ ಇನ್ನಷ್ಟು ಎಂದು ಹಿಂದಕ್ಕೆ ಎಣಿಸಿದರೆ ಏಪ್ರಿಲ್ ಎರಡನೇ ವಾರದೊಳಗೆ ಆಫರ್ ಕೈಲಿರಬೇಕು. ಪಿಟಿಷನ್ ತಲುಪಿದ ದಿನದಿಂದ ಹೊಸ ಕಡೆ ಕೆಲಸ ಮಾಡಬಹುದು. ಅದಕ್ಕೂ ಮೊದಲು, ಈ ಗಡುವಿನಲ್ಲಿ, ಒಂದು ದಿನದ ಕೆಲಸವೂ ಸಲ್ಲದು; ಗೆಳೆಯರ ಸ್ಟಾರ್ಟಪ್ಪಿಗೆ ಪುಕ್ಕಟೆ ನೆರವು ಎಂದು ಕೂಡ.

ಆಫರ್ ಸಿಗದೆ 50ನೇ ದಿನ ಬಂದರೆ ಗಂಡ ಅಥವಾ ಹೆಂಡತಿಗೆ ಎಚ್‌-1ಬಿ ಇದ್ದಲ್ಲಿ ಅವಲಂಬಿತರ ಎಚ್‌-4ಗೆ, ಇಲ್ಲದಿದ್ದರೆ ಬಿ-2 ಪ್ರವಾಸಿ ಸ್ಟೇಟಸ್‌ಗೆ ಐ-539 ಅರ್ಜಿ ಹಾಕಿಕೊಳ್ಳುತ್ತಾರೆ. ಗಡುವಿನೊಳಗೆ ಹಾಕಿದರೆ ಅದರ ತೀರ್ಮಾನ ಬರುವ ತನಕ ಇಲ್ಲಿ ಉಳಿಯಲು ಅವಕಾಶವಿದೆ. ಆದರೆ ಆಮೇಲೆ ಸಿಕ್ಕ ಕಂಪನಿ ಎಚ್‌-1ಬಿ ಹಾಕಿದರೂ ರಿಸೀಟಿನ ಮೇಲೆ ಕೆಲಸ ಶುರುಮಾಡುವಂತಿಲ್ಲ, ಅಪ್ರೂವಲ್ ಬರಬೇಕು.

ಗಡುವು ದಾಟಿ ಹಾಕಿದ ಪಿಟಿಷನ್ನಿಗೆ ಈಗ ಹಿಂದೆಂದೂ ಇಲ್ಲದ ಅಪಾಯವಿದೆ. ಕಂಪನಿಯ ಪಿಟಿಷನ್ ಮಂಜೂರಾಗಿ, ನಿಮ್ಮ ವಾಸದ ವಿಸ್ತರಣೆ ಮಾತ್ರ ನಿರಾಕರಣೆಯಾಗಬಹುದು. ಐ-94 ಇಲ್ಲದ ಐ-797ಬಿ ಬರುತ್ತದೆ. ಅಂದರೆ ದೇಶ ಬಿಟ್ಟು ಮತ್ತೆ ಬರಬೇಕು. ಮೊದಲೆಲ್ಲ ಅದು ಒಂದು ಓಡಾಟದ ಖರ್ಚಷ್ಟೇ ಆಗಿತ್ತು. 2025ರ ಸೆಪ್ಟೆಂಬರ್ 21ರಿಂದ 12 ತಿಂಗಳಿಗೆಂದು ಜಾರಿಗೆ ಬಂದ ಅಧ್ಯಕ್ಷೀಯ ಘೋಷಣೆಯಂತೆ ಇಂಥ ಪಿಟಿಷನ್ನಿಗೆ 1,00,000 ಡಾಲರ್ ಕಟ್ಟಬೇಕಾಗಿ ಬರಬಹುದು. ದೇಶದೊಳಗಿದ್ದು, ಸ್ಟೇಟಸ್ ಉಳಿಸಿಕೊಂಡು, ವಿಸ್ತರಣೆಯೊಂದಿಗೆ ಕಂಪನಿ ಬದಲಿಸುವವರಿಗೆ ಇದು ಅನ್ವಯಿಸದು ಎಂದು ಯುಎಸ್‌ಸಿಐಎಸ್ ಅದೇ ವರ್ಷದ ಅಕ್ಟೋಬರ್ 20ರಂದು ತಿಳಿಸಿತು. ವಿಸ್ತರಣೆಗೆ ಅರ್ಹರಲ್ಲ ಎಂದು ತೀರ್ಮಾನವಾದವರಿಗೆ ಅನ್ವಯಿಸುತ್ತದೆ ಎಂದೂ ಅದರಲ್ಲೇ ಇದೆ. ಆ ಮೊತ್ತ ಕಟ್ಟಿ ಕರೆಸಿಕೊಳ್ಳುವ ಕಂಪನಿ ಸಿಗುವುದು ಕಷ್ಟ. ಘೋಷಣೆಯ ಸದ್ಯದ ಸ್ಥಿತಿ ಏನೆಂದು ಪಿಟಿಷನ್ ಹಾಕುವ ವಾರವೇ ಅಟಾರ್ನಿಯನ್ನು ಕೇಳಿ.

ನಡುವೆ ಊರಿಗೆ ಹೋಗಿಬರುವ ಆಸೆ

ಹಳೆಯ ಕೆಲಸ ಬಿಟ್ಟು ಹೊಸದು ಸೇರುವ ನಡುವೆ ಮೂರು ವಾರ ಬೆಂಗಳೂರಿಗೋ ಮಂಗಳೂರಿಗೋ ಹೋಗಿಬರೋಣ ಎಂಬುದು ಎಲ್ಲರ ಮನಸ್ಸಿನಲ್ಲೂ ಬರುವ ಲೆಕ್ಕ. ಸ್ಟ್ಯಾಂಪ್ ಇನ್ನೂ ಚಾಲ್ತಿಯಲ್ಲಿದ್ದರೆ, ಅಪ್ರೂವಲ್ ಬಂದಿದ್ದರೆ ಹೋಗಿ. ಸ್ಟ್ಯಾಂಪಿನಲ್ಲಿ ಹಳೆಯ ಕಂಪನಿಯ ಹೆಸರಿದ್ದರೆ ಅಡ್ಡಿಯಿಲ್ಲ; ಅದರ ಜೊತೆ ಹೊಸ ಐ-797ರ ಮೂಲಪ್ರತಿ, ಆಫರ್ ಲೆಟರ್, ಹಳೆಯ ಪೇಸ್ಟಬ್‌ಗಳು ಕೈಚೀಲದಲ್ಲಿರಲಿ. ಪಿಟಿಷನ್ ಬಾಕಿ ಇರುವಾಗ ಹೊರಡುವುದನ್ನು ಮಾತ್ರ ಯಾವ ಅಟಾರ್ನಿಯೂ ಮನಸಾರೆ ಒಪ್ಪುವುದಿಲ್ಲ.

ಸ್ಟ್ಯಾಂಪ್ ಮುಗಿದಿದ್ದರೆ ಈ ಪ್ರವಾಸ ಬೇಡವೇ ಬೇಡ. 2025ರ ಸೆಪ್ಟೆಂಬರಿನಿಂದ ಎಚ್‌-1ಬಿಗೆ ಸಂದರ್ಶನವಿಲ್ಲದೆ ಸ್ಟ್ಯಾಂಪ್ ಸಿಗುತ್ತಿದ್ದ ಡ್ರಾಪ್‌ಬಾಕ್ಸ್ ಸೌಲಭ್ಯ ಹೋಗಿದೆ, ಸಂದರ್ಶನಕ್ಕೆ ಖುದ್ದು ಹಾಜರಾಗಬೇಕು. ಕೆನಡಾ, ಮೆಕ್ಸಿಕೊಗೆ ಹೋಗಿ ಸ್ಟ್ಯಾಂಪ್ ಹಾಕಿಸಿಕೊಂಡು ಬರುತ್ತಿದ್ದ ಜನಪ್ರಿಯ ದಾರಿಯೂ ಆಗಲೇ ಮುಚ್ಚಿತು. ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂದು ಸೂಚನೆ ಬಂತು. ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆ ಶುರುವಾಗಿ ಭಾರತದಲ್ಲಿ ಆಗಲೇ ನಿಗದಿಯಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಹೊಸ ಕಂಪನಿಯಲ್ಲಿ ಇನ್ನೂ ಒಂದು ದಿನವೂ ಕೂರದವರಿಗೆ ಅಷ್ಟು ಕಾಲ ಜಾಗ ಕಾದಿಡಲು ಯಾರೂ ಸಿದ್ಧರಿರುವುದಿಲ್ಲ. ಸೇರಿ, ಒಂದೆರಡು ವರ್ಷ ನೆಲೆಯೂರಿ, ಭಾರತದಿಂದ ಕೆಲಸ ಮಾಡಲು ಕಂಪನಿ ಎಷ್ಟು ವಾರ ಬಿಡುತ್ತದೆ ಎಂದು ತಿಳಿದ ಮೇಲೆ ಹೋಗುವುದು ಜಾಣತನ.

ಗ್ರೀನ್ ಕಾರ್ಡಿನ ಸಾಲಿನಲ್ಲಿರುವವರು

ಭಾರತದಲ್ಲಿ ಹುಟ್ಟಿದವರಿಗೆ ಉದ್ಯೋಗದ ಮೇಲಿನ ಗ್ರೀನ್ ಕಾರ್ಡಿನ ವರ್ಗಗಳಾದ ಇಬಿ-2, ಇಬಿ-3 ಸಾಲು ವರ್ಷಗಟ್ಟಲೆಯದು. ಹೀಗಾಗಿ ಕಂಪನಿ ಬದಲಿಸುವಾಗ ಎಲ್ಲಕ್ಕಿಂತ ಜೋಪಾನ ಮಾಡಬೇಕಾದ್ದು ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಿಮ್ಮ ಜಾಗ ನಿರ್ಧರಿಸುವ ತಾರೀಖು. ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಪಿಟಿಷನ್) ಮಂಜೂರಾಗಿದ್ದರೆ ಆ ತಾರೀಖು ನಿಮ್ಮದೇ. ಹಳೆಯ ಕಂಪನಿ ಐ-140 ಹಿಂಪಡೆದರೂ ಹೋಗುವುದಿಲ್ಲ. ವಂಚನೆ ಅಥವಾ ಗಂಭೀರ ತಪ್ಪಿಗಾಗಿ ಸರ್ಕಾರವೇ ರದ್ದು ಮಾಡಿದರೆ ಮಾತ್ರ ಹೋಗುತ್ತದೆ. ಹೊಸ ಕಂಪನಿ ಪರ್ಮ್‌ನಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಬೇಕು, ಆದರೆ ಸಾಲಿನಲ್ಲಿ ನಿಮ್ಮ ಜಾಗ ಹಳೆಯದೇ.

ಇಲ್ಲಿ 180 ದಿನ ಎಂಬ ಸಂಖ್ಯೆ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಹಳೆಯ ಕಂಪನಿ ಹಿಂಪಡೆದರೂ ಅದರ ಆಧಾರದ ಮೇಲೆ ಆರು ವರ್ಷದಾಚೆಗಿನ ಮೂರು ವರ್ಷದ ಎಚ್‌-1ಬಿ ವಿಸ್ತರಣೆ ಸಿಗುತ್ತದೆ. ಅಷ್ಟು ದಿನ ಆಗುವ ಮೊದಲೇ ಬಿಟ್ಟು, ಅವರು ಹಿಂಪಡೆದರೆ, ಆ ಆಸರೆ ತಪ್ಪುತ್ತದೆ. ನಾಲ್ಕು ತಿಂಗಳ ಹಿಂದಷ್ಟೇ ಮಂಜೂರಾಗಿದ್ದು ನಿಮ್ಮ ಆರು ವರ್ಷವೂ ಹತ್ತಿರ ಬಂದಿದ್ದರೆ ಇನ್ನೆರಡು ತಿಂಗಳು ಹಲ್ಲುಕಚ್ಚಿ ಕೂತು ಆಮೇಲೆ ಹೊರಡಿ.

ಐದನೇ ವರ್ಷದಲ್ಲಿದ್ದು ಪರ್ಮ್ ಕೂಡ ಆಗದವರ ಸ್ಥಿತಿ ಬಿಗಿ. ಪರ್ಮ್ ಅಥವಾ ಐ-140 ಹಾಕಿ 365 ದಿನ ಕಳೆದಿದ್ದರೆ ಆರು ವರ್ಷದ ಬಳಿಕ ಒಂದೊಂದು ವರ್ಷದ ವಿಸ್ತರಣೆ ಉಂಟು. ಹೊಸ ಕಂಪನಿ 'ಒಂದು ವರ್ಷ ಕೆಲಸ ನೋಡಿ ಆಮೇಲೆ ಪರ್ಮ್' ಎಂದರೆ ನಿಮಗೆ ಸಮಯ ಸಾಲದು. ಪರ್ಮ್‌ಗೆ ಮೊದಲು ಸಂಬಳ ನಿಗದಿ, ಜಾಹೀರಾತು ಎಂದು ಹಲವು ತಿಂಗಳು ಹಿಡಿಯುತ್ತದೆ. ಸೇರಿದ ತಿಂಗಳಿಂದಲೇ ಪ್ರಕ್ರಿಯೆ ಶುರು ಎಂದು ಬರೆದುಕೊಡದ ಕಂಪನಿಗೆ ಈ ಹಂತದಲ್ಲಿ ಹೋಗಬೇಡಿ, ಸಂಬಳ ಎಷ್ಟೇ ಹೆಚ್ಚಿರಲಿ.

ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿಯಾದ ಐ-485 ಹಾಕಿ 180 ದಿನ ಕಳೆದವರದ್ದು ಬೇರೆ ದಾರಿ: ಅದೇ ಅಥವಾ ಹೋಲುವ ಹುದ್ದೆಗೆ ಹೋಗುವುದಾದರೆ ಹೊಸ ಪರ್ಮ್ ಬೇಕಿಲ್ಲ, ಹೊಸ ಹುದ್ದೆಯನ್ನು ಖಚಿತಪಡಿಸುವ ಸಪ್ಲಿಮೆಂಟ್ ಜೆ ಫಾರ್ಮ್ ಸಾಕು.

ಹೊರಡುವ ಮುನ್ನ ಹಳೆಯ ಕಂಪನಿಯಿಂದ ಎರಡು ಕಾಗದ ಕೇಳಿ ಪಡೆಯಿರಿ. ಒಂದು ಐ-140 ಅಪ್ರೂವಲ್ ನೋಟಿಸಿನ ಪ್ರತಿ. ಕೊಡಲು ಒಪ್ಪದಿದ್ದರೆ ರಿಸೀಟ್ ನಂಬರ್ ಆದರೂ. ಇನ್ನೊಂದು, ಮಾಡಿದ ಕೆಲಸ ಮತ್ತು ಬಳಸಿದ ತಂತ್ರಜ್ಞಾನದ ವಿವರವಿರುವ ಅನುಭವ ಪತ್ರ. ಒಂದು ಕಂಪನಿಯಲ್ಲಿ ಗಳಿಸಿದ ಅನುಭವವನ್ನು ಅದೇ ಕಂಪನಿಯ ಪರ್ಮ್‌ಗೆ ಸಾಮಾನ್ಯವಾಗಿ ಎಣಿಸುವುದಿಲ್ಲ, ಮುಂದಿನ ಕಂಪನಿಯದಕ್ಕೆ ಎಣಿಸುತ್ತಾರೆ. ಮ್ಯಾನೇಜರ್ ಇನ್ನೂ ಅಲ್ಲೇ ಇರುವಾಗ ಪತ್ರ ಸಿಗುವಷ್ಟು ಸುಲಭವಾಗಿ ಆಮೇಲೆ ಸಿಗದು.

ಬಾಂಡ್, ದಂಡ, ಬೆದರಿಕೆ

'18 ತಿಂಗಳಿಗೆ ಮೊದಲು ಬಿಟ್ಟರೆ 15,000 ಡಾಲರ್' ಎಂಬಂಥ ಷರತ್ತನ್ನು ಕೆಲವು ಕನ್ಸಲ್ಟೆನ್ಸಿಗಳು ಬರೆಸಿಕೊಂಡಿರುತ್ತವೆ. ಅವಧಿಗೆ ಮುನ್ನ ಬಿಟ್ಟದ್ದಕ್ಕೆ ದಂಡ ಹಾಕುವುದು ಎಚ್‌-1ಬಿ ನಿಯಮಕ್ಕೆ ವಿರುದ್ಧ. ಕಂಪನಿಗೆ ನಿಜವಾಗಿ ಆದ ನಷ್ಟವನ್ನು ಮುಂಚೆಯೇ ಅಂದಾಜಿಸಿ ಬರೆದ ಪರಿಹಾರ ಮಾತ್ರ ಕೆಲವು ರಾಜ್ಯಗಳ ಕಾನೂನಿನಲ್ಲಿ ನಿಲ್ಲಬಹುದು, ಆದ್ದರಿಂದ ಒಪ್ಪಂದವನ್ನು ಆ ರಾಜ್ಯದ ಕಾರ್ಮಿಕ ವಕೀಲರಿಗೆ ತೋರಿಸಿ. ಬೆಂಚಿನಲ್ಲಿ ಕೂರಿಸಿ ಸಂಬಳ ಕೊಡದಿದ್ದರೆ ಅದೂ ಉಲ್ಲಂಘನೆ. ಕಾರ್ಮಿಕ ಇಲಾಖೆಗೆ ಡಬ್ಲ್ಯುಎಚ್‌-4 ಫಾರ್ಮಿನಲ್ಲಿ 12 ತಿಂಗಳೊಳಗೆ ದೂರು ಕೊಡಬಹುದು. ಅವಧಿ ಮುಗಿಯುವ ಮೊದಲು ಅವರಾಗಿ ತೆಗೆದರೆ ಊರಿಗೆ ಮರಳುವ ಟಿಕೆಟಿನ ಖರ್ಚು ಅವರದು, ನೀವಾಗಿ ಬಿಟ್ಟರೆ ಅಲ್ಲ.

'ನಿನ್ನ ಎಚ್‌-1ಬಿ ರದ್ದು ಮಾಡಿಸುತ್ತೇವೆ' ಎಂಬ ಮಾತಿಗೆ ಹೆದರುವವರು ಬಹಳ. ನೌಕರಿ ಮುಗಿದ ಮೇಲೆ ಯುಎಸ್‌ಸಿಐಎಸ್‌ಗೆ ತಿಳಿಸುವುದು ಅವರ ಕರ್ತವ್ಯವೇ ಹೌದು. ಹೊಸ ಪಿಟಿಷನ್ ಸರಿಯಾಗಿ ಒಳಹೋದ ಮೇಲೆ ಅವರು ಹಳೆಯದನ್ನು ಹಿಂಪಡೆದರೆ ಹೊಸದಕ್ಕೆ ಪೆಟ್ಟು ಬೀಳುವುದಿಲ್ಲ.

ಮನೆಯವರು, ಹಣ, ಉಳಿದ ಸಣ್ಣಪುಟ್ಟದ್ದು

ನಿಮ್ಮ ಪಿಟಿಷನ್ನಿನ ಜೊತೆ ಹೆಂಡತಿ ಅಥವಾ ಗಂಡ, ಮಕ್ಕಳ ಎಚ್‌-4 ತಾನಾಗಿ ಬೆಳೆಯುವುದಿಲ್ಲ. ಅವರ ಐ-94 ಇನ್ನೂ ದೂರವಿದ್ದರೆ ಕೂಡಲೇ ಏನೂ ಮಾಡಬೇಕಿಲ್ಲ. ಹತ್ತಿರವಿದ್ದರೆ ಐ-539 ಜೊತೆಯಲ್ಲೇ ಕಳಿಸಿ. ನಿಮ್ಮದಕ್ಕೆ ಪ್ರೀಮಿಯಂ ಇದ್ದರೂ 2025ರ ಜನವರಿಯಿಂದ ಅವರದನ್ನು ಒಟ್ಟಿಗೇ ತೀರ್ಮಾನಿಸುವ ಕಟ್ಟುಪಾಡು ಇಲ್ಲ, ತಿಂಗಳುಗಳು ಹಿಡಿಯಬಹುದು. ಎಚ್‌-4 ಇಎಡಿಯಲ್ಲಿ ಕೆಲಸ ಮಾಡುವವರು ನವೀಕರಣವನ್ನು ಆದಷ್ಟು ಮುಂಚೆ ಹಾಕಬೇಕು, ಯಾಕೆಂದರೆ 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ 540 ದಿನದ ಸ್ವಯಂ ವಿಸ್ತರಣೆ ಇಲ್ಲ. ಹಳೆಯ ಕಾರ್ಡು ಮುಗಿದ ದಿನ ಹೊಸದು ಬಂದಿರದಿದ್ದರೆ ಕೆಲಸ ನಿಲ್ಲಿಸಬೇಕು.

ಆರೋಗ್ಯ ವಿಮೆ ಹಳೆಯ ಕಡೆ ಕೊನೆಯ ದಿನಕ್ಕೇ ಮುಗಿಯುತ್ತದೋ ತಿಂಗಳ ಕೊನೆಗೋ ಕೇಳಿಕೊಳ್ಳಿ. ನಡುವೆ ಬಿಡುವು ಬಂದರೆ ಹಳೆಯ ವಿಮೆಯನ್ನೇ ಸ್ವಂತ ಖರ್ಚಿನಲ್ಲಿ ಮುಂದುವರಿಸುವ ಕೋಬ್ರಾ ಇದೆ. ಆರಿಸಿಕೊಳ್ಳಲು 60 ದಿನ ಸಮಯ, ಆರಿಸಿದರೆ ಹಿಂದಿನ ದಿನದಿಂದಲೇ ಅನ್ವಯ. ದುಬಾರಿ, ಆದ್ದರಿಂದ ಬಹಳ ಜನ ಕಾದು ನೋಡಿ ಅಗತ್ಯ ಬಿದ್ದರೆ ಮಾತ್ರ ಹಣ ಕಟ್ಟುತ್ತಾರೆ. ನಿವೃತ್ತಿ ಉಳಿತಾಯದ 401(ಕೆ) ವಾರ್ಷಿಕ ಮಿತಿ ಎರಡೂ ಕಂಪನಿ ಸೇರಿ ಒಂದೇ. ಹಳೆಯ ಕಡೆ ಎಷ್ಟು ತುಂಬಿದ್ದೀರಿ ಎಂದು ಹೊಸ ಕಂಪನಿಗೆ ಗೊತ್ತಾಗುವುದಿಲ್ಲ, ಲೆಕ್ಕ ನೀವೇ ಇಡಬೇಕು. ಸೋಷಿಯಲ್ ಸೆಕ್ಯುರಿಟಿ ತೆರಿಗೆಯನ್ನು ಎರಡೂ ಕಡೆ ಹಿಡಿದು ಮಿತಿ ಮೀರಿದ್ದರೆ ಹೆಚ್ಚಾದದ್ದನ್ನು ವಾರ್ಷಿಕ ರಿಟರ್ನ್‌ನಲ್ಲಿ ಮರಳಿ ಪಡೆಯಬಹುದು.

ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್‌-11 ಫಾರ್ಮ್ ಸಲ್ಲಿಸಬೇಕು, ಮನೆಯವರೆಲ್ಲರದೂ. ಡ್ರೈವಿಂಗ್ ಲೈಸೆನ್ಸಿನ ಅವಧಿ ಹಳೆಯ ಅಪ್ರೂವಲ್ಲಿಗೆ ಕಟ್ಟಿದ್ದರೆ ಹೊಸ ಐ-797 ಹಿಡಿದು ಹೋಗಿ ಬದಲಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿರುವವರಿಗೆ, ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಂಡವರಲ್ಲಿ ಇಂಥವರು ಅನೇಕರಿದ್ದಾರೆ, ವೀಸಾದಲ್ಲಿ ಹೆಸರಿನ ಬದಲು ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಬಂದಿರುತ್ತದೆ. ಐ-94, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಹೊಸ ಕಂಪನಿಯ ಸಂಬಳಪಟ್ಟಿ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲ ವಾರವೇ ನೋಡಿ. ಬೇರೆಯಿದ್ದರೆ ಕೆಲಸದ ಅರ್ಹತೆ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆಯಾದ ಇ-ವೆರಿಫೈ ಹೊಂದಿಕೆಯಾಗಲಿಲ್ಲ ಎಂದು ತೋರಿಸುತ್ತದೆ, ಆಗ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಓಡಾಡಿ ಸರಿಪಡಿಸಿಕೊಂಡು ಬರಬೇಕಾಗುತ್ತದೆ.